ಸಂಡೇ ಸ್ಕೂಲಿನಲ್ಲಿ ಕಥೆ ಮುಗಿದ ಮೇಲೆ ‘ಪಾಠ’ ಹೇಳಲೇಬೇಕಾ?

ಹಾಸನದ ಟೀಚರ್ (ಪ್ರಶ್ನೆ):

ಎಲ್ಲರಿಗೂ ವಂದನೆ. ನಮ್ಮ ಚರ್ಚ್ ಸಭೆಯ ಸಂಡೇ ಸ್ಕೂಲಿನಲ್ಲಿ ಜೂನಿಯರ್ ಕ್ಲಾಸು ನನ್ನದು. ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನ ಮಕ್ಕಳು. ಆರಾಧನೆಗೆ ಮುಂಚೆ ಮುಕ್ಕಾಲು ಗಂಟೆ ಸಿಗುತ್ತೆ. ಹಾಡು, ಪ್ರಾರ್ಥನೆ, ಹಾಜರಿ, ಬಾಯಿಪಾಠದ ವಾಕ್ಯ ಎಲ್ಲ ಕಳೆದು ಕಥೆಗೆ ಉಳಿಯೋದು ಇಪ್ಪತ್ತು ನಿಮಿಷ.

ನಮಗೆ ಕೊಟ್ಟಿರೋ ಪುಸ್ತಕದಲ್ಲಿ ಪ್ರತಿ ಕಥೆಯ ಕೊನೆಗೂ ಒಂದು ಚೌಕ ಇದೆ: ‘ಈ ಕಥೆಯಿಂದ ನಾವು ಕಲಿಯುವ ಪಾಠ’. ಮಕ್ಕಳಿಗೆ ಆ ಚೌಕದ ವಾಸನೆ ಹತ್ತಿಬಿಟ್ಟಿದೆ. ಮೊನ್ನೆ ತಪ್ಪಿಹೋದ ಮಗನ ಕಥೆ ಹೇಳ್ತಿದ್ದೆ. ಅವನಿನ್ನೂ ಆಸ್ತಿ ಪಾಲು ಕೇಳಿದ್ದಾನೆ ಅಷ್ಟೆ, ಮನೆ ಸಹ ಬಿಟ್ಟಿಲ್ಲ, ಅಷ್ಟರಲ್ಲಿ ಮುಂದೆ ಕೂತಿದ್ದ ಹುಡುಗಿ, “ಅಪ್ಪ ಅಮ್ಮನ ಮಾತು ಕೇಳಬೇಕು ಅಂತ ತಾನೇ ಟೀಚರ್?” ಅಂದಳು. ಉಳಿದವರು ಪುಸ್ತಕ ಮುಚ್ಚಿಟ್ಟರು. ಅವನು ಆಸ್ತಿಯೆಲ್ಲ ಹಾಳುಮಾಡಿ ಹಂದಿ ಕಾಯೋದು, ಮನೆಗೆ ವಾಪಸ್ ಬಂದಾಗ ತಂದೆ ಓಡಿಬರೋದು, ಯಾವುದೂ ಯಾರಿಗೂ ಬೇಕಾಗಲಿಲ್ಲ.

ಆ ಚೌಕ ಬಿಟ್ಟು ಬರೀ ಕಥೆ ಹೇಳ್ತೀನಿ ಅಂತ ಕಮಿಟಿಯಲ್ಲಿ ಕೇಳಿದೆ. ಸಭೆಯ ಹಿರಿಯರೊಬ್ಬರು, “ಪಾಠ ಹೇಳದಿದ್ರೆ ಅದು ಪಂಚತಂತ್ರ ಆಗುತ್ತಮ್ಮ, ವಿಶ್ವಾಸ ಎಲ್ಲಿಂದ ಬರುತ್ತೆ?” ಅಂದರು. ಅವರ ಮಾತನ್ನೂ ತಳ್ಳಿಹಾಕೋಕೆ ಆಗ್ತಿಲ್ಲ. ಏಪ್ರಿಲ್‌ನಲ್ಲಿ ವಿಬಿಎಸ್ (ರಜೆಯ ಬೈಬಲ್ ಶಾಲೆ) ಬೇರೆ ಬರ್ತಿದೆ. ಕಥೆ ಹೇಳಿ ಅಭ್ಯಾಸ ಇರೋರು ಏನಂತೀರ?

ಬೆಟಗೇರಿ ಮೇಷ್ಟ್ರು:

ನೋಡ್ರಿ ತಂಗಿ, ಮೊದಲ ನಿಮ್ಮ ಹಿರಿಯರಿಗೆ ಒಂದು ಮಾತು ಹೇಳ್ರಿ. ನೀತಿ ಹೇಳಿ ಕಥಿ ಮುಗಸೋದ ಪಂಚತಂತ್ರ. ಯೇಸುಸ್ವಾಮಿ ಹೇಳಿದ ಕಥಿ ಎಷ್ಟೋ ಹಂಗ ಮುಗಿಯೋದ ಇಲ್ಲ. (ಇದನ್ನ ನಗನಗ್ತಾ ಹೇಳ್ರಿ, ಇಲ್ಲಾಂದ್ರ ಮುಂದಿನ ವರ್ಷ ನಿಮಗ ಕ್ಲಾಸ ಸಿಗಂಗಿಲ್ಲ.)

ನಾ ಸರಕಾರಿ ಸಾಲ್ಯಾಗ ಕನ್ನಡ ಕಲಿಸಿ ನಿವೃತ್ತ ಆದಂವ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥಾದವರು 1841ರಾಗ ಬಂದು ಠಾಣೆ ಹಾಕಿದ ಊರು ನಮ್ಮದು. ನಮ್ಮ ಅಜ್ಜಿಗೆ ಓದಾಕ ಬರ್ತಿರಲಿಲ್ಲ. ಗುಡಿಯೊಳಗ, ಅಂದ್ರ ಚರ್ಚಿನಾಗ, ಓದಿದ್ದನ್ನ ಕೇಳಿ ಕೇಳಿ ಸತ್ಯವೇದದ ಕಥಿ ಎಲ್ಲಾ ಬಾಯಾಗ ಇದ್ದವು. ಆಕಿ ರೊಟ್ಟಿ ಬಡಕೋತ ಕಥಿ ಹೇಳಾಕಿ. ಖರೇ ಬೇಕಾದ ಜಾಗಾಕ್ಕ ಬಂದಾಗ ಸುಮ್ಮನಾಗಿ ಹಂಚಿನ ಮ್ಯಾಲಿನ ರೊಟ್ಟಿ ತಿರುವಾಕಿ. ನಾವು “ಮುಂದೇನಾತು?” ಅಂದ್ರ “ನೀವ ಹೇಳ್ರಿ, ಏನಾಗಿರಬೇಕು?” ಅನ್ನಾಕಿ. ದೇವಜ್ಞಾನದ ಕಾಲೇಜಿನ ಮೆಟ್ಟಿಲ ಹತ್ತಿದಾಕಿ ಅಲ್ಲ, ಆದರ ಕಥಿ ಎಲ್ಲಿ ಬಿಡಬೇಕು ಅನ್ನೋದು ಆಕಿಗೆ ಗೊತ್ತಿತ್ತು.

ಈಗ ನಿಮ್ಮ ಕಥಿಗೆ ಬರೂಣು. ಲೂಕ 15ನೇ ಅಧ್ಯಾಯ ತಗೀರಿ. ಅದು ಮಗನಿಂದ ಶುರು ಆಗೋದಿಲ್ಲ, ಗೊಣಗಾಟದಿಂದ ಶುರು ಆಗ್ತದ. ಫರಿಸಾಯರು ಅನ್ನೋ ಕಟ್ಟುನಿಟ್ಟಿನ ಧರ್ಮದ ಮಂದಿಯೂ ಶಾಸ್ತ್ರಿಗಳೂ ಯೇಸುನ್ನ ನೋಡಿ “ಇಂವ ಪಾಪಿಗಳನ್ನ ಸೇರಿಸ್ಕೊಂಡು ಅವರ ಜೋಡಿ ಉಣ್ಣಾಕತ್ತಾನ” ಅಂತ ಗೊಣಗ್ತಾರ. ಅದಕ್ಕ ಉತ್ತರ ಅಂತ ಮೂರು ಕಥಿ ಬರ್ತಾವ: ಕಳದ ಕುರಿ, ಕಳದ ನಾಣ್ಯ, ಕಳದ ಮಗ. ಮೂರನೇದರ ಕಡೀಕ ಯಾರು ನಿಂತಾರ ನೋಡ್ರಿ. ಸಣ್ಣ ಮಗ ಅಲ್ಲ, ದೊಡ್ಡಂವ. ಹೊಲದಿಂದ ದುಡದು ಬಂದಾನ, ಮನ್ಯಾಗ ಹಾಡು-ಕುಣಿತ ಕೇಳ್ತದ, ಆಳನ್ನ ಕರದು ಏನಿದು ಅಂತ ಕೇಳ್ತಾನ, ಸಿಟ್ಟಾಗಿ ಒಳಗ ಹೋಗಂಗಿಲ್ಲ ಅಂತಾನ. ಅಪ್ಪ ಪಂಗತಿ ಬಿಟ್ಟು ಹೊರಗ ಬಂದು ಮಗನ್ನ ಬೇಡ್ಕೋತಾನ. “ಇಷ್ಟು ವರ್ಷ ದುಡದೆ, ಗೆಳ್ಯಾರ ಜೋಡಿ ಉಣ್ಣಾಕ ನನಗೊಂದು ಆಡಿನಮರಿ ಸೈತ ಕೊಡಲಿಲ್ಲ” ಅಂತಾನ ಮಗ. ಅಪ್ಪ ತನ್ನ ಮಾತು ಹೇಳ್ತಾನ. ಅಲ್ಲಿಗೆ ಕಥಿ ಬಂದ್! ದೊಡ್ಡಂವ ಒಳಗ ಹ್ವಾದನೋ ಇಲ್ಲೋ, ಲೂಕ ಬರಿಯಂಗಿಲ್ಲ. ಯಾಕಂದ್ರ ಗೊಣಗಿದವರು ಇನ್ನೂ ಅಲ್ಲೇ ನಿಂತಿದ್ದರು. ಉಳದ ಅರ್ಧ ಕಥಿ ಅವರು ಮುಗಸಬೇಕಿತ್ತು.

ಅಂಥಾ ಕಥೀಗೆ ‘ಅಪ್ಪ ಅಮ್ಮನ ಮಾತು ಕೇಳಬೇಕು’ ಅಂತ ಚೌಕ ಹಾಕಿದರ ಏನಾತು? ಮಾತು ಕೇಳಿದಂವನ ಹೊರಗ ಉಳದಾನ್ರಿ ಇಲ್ಲಿ!

ನಾ ನಮ್ಮಲ್ಲಿ ಏನ ಮಾಡ್ದೆ ಅಂದ್ರ, ಫ್ಲಾನೆಲ್ ಬೋರ್ಡಿನ ಮ್ಯಾಲ ಮನಿ ಚಿತ್ರ ಅಂಟಿಸಿ ದೊಡ್ಡ ಮಗನ್ನ ಅಂಗಳದಾಗ ನಿಲ್ಲಿಸಿದೆ. “ನಿಮ್ಮೊಳಗ ಯಾರ ಬೇಕಾದ್ರೂ ಬಂದು ಇವನ್ನ ಒಳಗ ಒಯ್ಯಬಹುದು, ಇಲ್ಲ ಅಲ್ಲೇ ಬಿಡಬಹುದು” ಅಂತ ಹೇಳಿ ಸುಮ್ಮ ಕೂತೆ. ಒಬ್ಬಾಕಿ ಒಳಗ ಇಟ್ಳು. ಮತ್ತೊಬ್ಬಂವ ಎದ್ದು ಬಂದು ಕಿತ್ತು ಹೊರಗ ಇಟ್ಟ, “ನಾನಾಗಿದ್ರ ಹೋಗ್ತಿರಲಿಲ್ಲ ಸರ” ಅಂದ. ಆ ಹುಡುಗನ ಮನೀ ಸಂಗತಿ ನನಗ ಗೊತ್ತಿತ್ತು, ಇಲ್ಲಿ ಬರಿಯಂಗಿಲ್ಲ. ಆವಾಗ ಹಿಂದ ಕೂತಿದ್ದ ಒಂದು ಸಣ್ಣ ಹುಡುಗಿ ಕೇಳ್ತು: “ಆಡಿನಮರಿ ಬೇಕಿದ್ರ ಅಂವ ಅಪ್ಪಗ ಕೇಳಿದ್ನೇನ್ರಿ? ಕೇಳಿದ್ರ ಕೊಡ್ತಿರಲಿಲ್ಲೇನು?”

“ನಂದೆಲ್ಲಾ ನಿಂದ ಅಲ್ಲೇನಪಾ” ಅಂತ ಅಪ್ಪ ಹೇಳೋ ಮಾತು ಅದ. ಆ ಹುಡುಗಿ ತಾನಾಗೇ ಅಲ್ಲಿಗೆ ಬಂದಿತ್ತು. ನಾ ಮೊದಲ ಹೇಳಿಬಿಟ್ಟಿದ್ರ ಆಕಿ ಬರ್ಕೊಂಡು ಮರೀತಿದ್ಳು.

ಇನ್ನ ಪ್ರವಾದಿ ನಾತಾನನ್ನ ನೋಡ್ರಿ. ಊರೀಯನ ಹೆಂಡ್ತಿ ಸಲುವಾಗಿ ಅವನ್ನ ಕೊಲ್ಲಿಸಿದ ದಾವೀದ ರಾಜನ ಮುಂದ ನೆಟ್ಟಗ ಹೋಗಿ “ನೀ ಕೊಲೆಗಾರ” ಅಂದಿದ್ರ ಪ್ರವಾದಿಯ ರುಂಡ ಉಳೀತಿತ್ತೋ ಇಲ್ಲೋ. ಅಂವ ಒಬ್ಬ ಬಡವನ ಕುರಿಮರಿ ಕಥಿ ಹೇಳಿದ. ಆ ಬಡವನ ತಾಟಿನಾಗ ತಿಂತಿತ್ತು, ಅವನ ಬಟ್ಟಲದಾಗ ಕುಡೀತಿತ್ತು, ಮಗಳಂಗ ಎದಿ ಮ್ಯಾಲ ಮಲಗ್ತಿತ್ತು. ಅದನ್ನ ಒಬ್ಬ ಸಾವುಕಾರ ಕಿತ್ಕೊಂಡು ಕೊಯ್ದ. ದಾವೀದ ತಾನ ಸ್ವತಃ ತೀರ್ಪು ಕೊಟ್ಟ. ಆಮ್ಯಾಲ ನಾತಾನ ಹೇಳಿದ್ದು ಒಂದ ಮಾತು: “ನೀನೇ ಆ ಮನುಷ್ಯ.”

ಬೆಂಗಳೂರಿನಿಂದ ಒಬ್ಬ ಸಭಾಪಾಲಕ:

ಮೇಷ್ಟ್ರ ಬರಹ ಓದಿ ಖುಷಿಯಾಯಿತು, ಆದರೆ ಪೂರ್ತಿ ಒಪ್ಪಲಾರೆ.

ಮಾರ್ಕ 4ರಲ್ಲಿ ಜನರ ಗುಂಪಿಗೆ ಸಾಮ್ಯಗಳಲ್ಲಿ, ಅಂದರೆ ದೃಷ್ಟಾಂತದ ಕಥೆಗಳಲ್ಲಿ, ಮಾತಾಡಿದ ಯೇಸುವೇ ಶಿಷ್ಯರಿಗೆ ಒಂಟಿಯಾಗಿ ಎಲ್ಲವನ್ನೂ ವಿವರಿಸಿದ ಅಂತಲೂ ಇದೆ. ಬಿತ್ತುವವನ ಸಾಮ್ಯದಲ್ಲಿ ದಾರಿಯ ನೆಲ ಯಾವುದು, ಮುಳ್ಳುಗಿಡ ಯಾವುದು ಅಂತ ಒಂದೊಂದಾಗಿ ಬಿಡಿಸಿ ಹೇಳಿದ್ದಾನೆ. ಸತ್ತು ಎದ್ದ ಮೇಲೆ ಇಬ್ಬರು ಶಿಷ್ಯರ ಜೊತೆ ನಡೆದ ಎಮ್ಮಾಹುವಿನ ದಾರಿಯಲ್ಲಂತೂ ಕಥೆಯನ್ನೇ ಹೇಳಲಿಲ್ಲ, ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳ ಮಾತಿಗೂ ಅರ್ಥ ಹೇಳಿದ. ಯೆಹೋಶುವ 4ರಲ್ಲಿ ಯೊರ್ದನ್ ಹೊಳೆಯಿಂದ 12 ಕಲ್ಲು ಎತ್ತಿಸಿ ನಿಲ್ಲಿಸಿದ್ದು ಏಕೆ? ಮುಂದೆ ಮಕ್ಕಳು “ಈ ಕಲ್ಲುಗಳೇನು?” ಅಂತ ಕೇಳಿದಾಗ ಉತ್ತರ ಕೊಡುವುದಕ್ಕೆ. ಯೆಹೂದ್ಯರ ಪಸ್ಕಹಬ್ಬದಲ್ಲೂ ಹಾಗೆಯೇ. ಮಕ್ಕಳು ಕೇಳಬೇಕು, ದೊಡ್ಡವರು ಹೇಳಬೇಕು.

ನನಗೆ ಕಾಣುವ ತೊಂದರೆ ಬೇರೆ. ದೃಢೀಕರಣದ (ಕನ್ಫರ್ಮೇಶನ್) ತರಗತಿಗೆ ಬರುವ ಹುಡುಗರಿಗೆ ನೋಹ, ದಾನಿಯೇಲ, ಗೊಲ್ಯಾತ ಎಲ್ಲ ಗೊತ್ತು. ಯಾರು ಮೊದಲು, ಯಾರು ಆಮೇಲೆ ಗೊತ್ತಿಲ್ಲ. ಅಬ್ರಹಾಮನಿಗೂ ಯೇಸುವಿಗೂ ಏನು ಸಂಬಂಧ ಅಂತ ಕೇಳಿದರೆ ಸೀಲಿಂಗ್ ನೋಡುತ್ತಾರೆ. ಫಿಲಿಪ್ಪೀನ್ಸ್‌ನ ಪಲವಾನ್ ದ್ವೀಪದಲ್ಲಿದ್ದ ಟ್ರೆವರ್ ಮೆಕಿಲ್ವೇನ್ ಎಂಬ ಮಿಷನರಿಗೂ ಇದೇ ಅನುಭವ ಆಗಿತ್ತು. ಕ್ರೈಸ್ತರು ಅಂತ ಕರೆದುಕೊಳ್ಳುತ್ತಿದ್ದವರಿಗೂ ಬುಡ ಗೊತ್ತಿರಲಿಲ್ಲ. ಅವರು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಿಂದ ಹಿಡಿದು ಕಥೆಯನ್ನು ಕ್ರಮವಾಗಿ ಹೇಳುತ್ತ ಬಂದರು. ಆ ಕ್ರಮವನ್ನು ಈಗ ಎಷ್ಟೋ ದೇಶಗಳಲ್ಲಿ ಅನುಸರಿಸುತ್ತಾರೆ.

ಟೀಚರ್, ಪಾಠದ ಚೌಕ ಬಿಡಿ, ಅಡ್ಡಿಯಿಲ್ಲ. ಆದರೆ ಕಥೆಯ ಹಿಂದು-ಮುಂದು ಹೇಳುವುದನ್ನು ಬಿಡಬೇಡಿ.

ಬೆಟಗೇರಿ ಮೇಷ್ಟ್ರು:

ಅಯ್ಯನೋರ ಮಾತು ಒಪ್ಪಿದೆ. ಹಿಂದು-ಮುಂದು ಬೇಕ ಬೇಕು. ಆದರ ಎಮ್ಮಾಹುವಿನ ಮಾತು ತಗದ್ರಿ, ಅದಕ್ಕ ಹೇಳ್ತೀನಿ. ದಾರಿ ತುಂಬ ವಿವರಣೆ ಕೇಳಿದ ಮ್ಯಾಲೂ ಆ ಇಬ್ಬರಿಗೆ ಇಂವ ಯಾರು ಅಂತ ಗುರುತು ಹತ್ತಲಿಲ್ಲಲ್ರಿ! ಊಟಕ್ಕ ಕೂತು ರೊಟ್ಟಿ ಮುರದಾಗ ಗುರುತು ಹತ್ತಿತು.

ಮಂಗಳೂರು ಕಡೆಯವ:

ನಾನು ಕೊಂಕಣಿ ಮನೆಯವ, ಕಥೋಲಿಕ. ನಮ್ಮಲ್ಲಿ ಸಂಡೇ ಸ್ಕೂಲಿನ ಬದಲು ಧರ್ಮೋಪದೇಶದ ಕ್ಲಾಸು, ಸಮಸ್ಯೆ ಮಾತ್ರ ಅದೇ.

ಇದು ಹೊಸ ಚರ್ಚೆಯೇನಲ್ಲ ಅಂತ ಹೇಳುವುದಕ್ಕೆ ಬಂದೆ. ಗೋವೆಯ ಸಾಷ್ಟಿಯಲ್ಲಿದ್ದ ಇಂಗ್ಲಿಷ್ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿಯ ಓವಿ ಎಂಬ ಪದ್ಯರೂಪದಲ್ಲಿ ಬರೆದ ಕ್ರಿಸ್ತಪುರಾಣ 1616ರಲ್ಲಿ ಅಚ್ಚಾಯಿತು. ಹೊಸದಾಗಿ ದೀಕ್ಷಾಸ್ನಾನ ಪಡೆದವರು ‘ನಮ್ಮ ಹಳೆಯ ಪುರಾಣಗಳ ಜಾಗದಲ್ಲಿ ಓದಲು ಏನಾದರೂ ಕೊಡಿ’ ಅಂತ ಕೇಳಿದ್ದರಿಂದ ಅದು ಹುಟ್ಟಿತು ಅಂತ ಆ ಕಾವ್ಯವೇ ಹೇಳುತ್ತದೆ. ಅವರಿಗೆ ಪ್ರಶ್ನೋತ್ತರದ ಪುಸ್ತಕ ಆಗಲೇ ಇತ್ತು, ಸಾಕಾಗಲಿಲ್ಲ. ಗೋವೆಯಿಂದ ವಲಸೆ ಬಂದ ನಮ್ಮ ಹಿರಿಯರು ಇಲ್ಲೂ ಅದನ್ನು ಉಳಿಸಿಕೊಂಡರು, 1907ರಲ್ಲಿ ಮಂಗಳೂರಿನಲ್ಲೇ ಮತ್ತೆ ಅಚ್ಚಾಯಿತು. ನಿಘಂಟಿನ ಕಿಟೆಲ್ ಕೂಡ ಮೊದಲು ಮಾಡಿದ್ದು ಹೀಗೆ ಪದ್ಯದಲ್ಲಿ ಕಥೆ ಹೇಳುವುದನ್ನೇ. ನಿಘಂಟು ಬಂದದ್ದು 1894ರಲ್ಲಿ, ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳಿದ ‘ಕಥಾಮಾಲೆ’ 1862ರಲ್ಲಿ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ, ಆದರೂ ಯೇಸುವಿನ ಕಡೆಯ ದಿನದ ಮೇಲೆ ‘ಗೊಲ್ಗೊಥಾ’ ಬರೆದರು. ಅವರನ್ನು ಹಿಡಿದದ್ದು ಕಥೆ, ಯಾರ ಪಾಠದ ಚೌಕವೂ ಅಲ್ಲ ಅಂತ ನನ್ನ ಅಂದಾಜು.

ಕೆಲಸಕ್ಕೆ ಬರುವ ಮಾತು: ಜೆರೋಮ್ ಬೆರಿಮನ್ ಎಂಬ ಅಮೆರಿಕದ ಪಾದ್ರಿ ರೂಪಿಸಿದ ‘ಗಾಡ್ಲಿ ಪ್ಲೇ’ ಅಂತ ಒಂದು ಕ್ರಮವಿದೆ, ಮಾಂಟೆಸ್ಸೊರಿ ಪದ್ಧತಿಯ ಜಾಡಿನದು. ಕಥೆ ಮುಗಿದ ಮೇಲೆ ಮಕ್ಕಳಿಗೆ ಇಂಥ ಪ್ರಶ್ನೆ ಕೇಳುತ್ತಾರೆ: ಇದರಲ್ಲಿ ನಿಮಗೆ ಇಷ್ಟವಾದ ಭಾಗ ಯಾವುದಿರಬಹುದು? ಎಲ್ಲಕ್ಕಿಂತ ಮುಖ್ಯ ಯಾವುದು? ನೀವು ಈ ಕಥೆಯಲ್ಲಿ ಎಲ್ಲಿದ್ದೀರಿ? ಯಾವ ಭಾಗ ತೆಗೆದರೂ ಕಥೆ ಉಳಿದೀತು? ಸರಿ-ತಪ್ಪು ಅಂತ ಉತ್ತರಕ್ಕೆ ಮಾರ್ಕು ಇಲ್ಲ. ಆ ಕೊನೆಯ ಪ್ರಶ್ನೆಗೆ ಮಕ್ಕಳು ಜಗಳಕ್ಕೇ ಬೀಳುತ್ತಾರೆ, ನೋಡಬೇಕು ನೀವು. ಅಲ್ಲಿನವರು ಬಳಸುವ ದುಬಾರಿ ಮರದ ಗೊಂಬೆ ಏನೂ ಬೇಡ. ಕ್ರಿಸ್ಮಸ್ಸಿಗೆ ಇಡುವ ಗೋದಲಿಯ ಗೊಂಬೆಗಳು ವರ್ಷಕ್ಕೆ ಹನ್ನೊಂದು ತಿಂಗಳು ಡಬ್ಬಿಯಲ್ಲೇ ಇರುತ್ತವಲ್ಲ, ಅವೇ ಸಾಕು.

ಹಾಸನದ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಪಂಚತಂತ್ರದ ಮಾತನ್ನ ಹಿರಿಯರಿಗೆ ಹೇಳಿದೆ. ನಕ್ಕರು, ಆದ್ರೆ “ಆಯ್ತು, ಒಂದು ತಿಂಗಳು ನೋಡೋಣ” ಅಂತ ಷರತ್ತು ಹಾಕಿದಾರೆ. ತಾವೇ ಬಂದು ಹಿಂದಿನ ಬೆಂಚಿನಲ್ಲಿ ಕೂರ್ತಾರಂತೆ.

ವಿಬಿಎಸ್‌ಗೆ, ನಿನೆವೆಗೆ ಹೋಗಿ ಸಾರು ಅಂತ ದೇವರು ಹೇಳಿದ್ರೆ ಓಡಿಹೋದ ಪ್ರವಾದಿ ಯೋನನ ಕಥೆ ತಗೊಂಡಿದೀನಿ. ಪುಸ್ತಕದಲ್ಲಿ ಮೀನು ಅವನನ್ನ ದಡಕ್ಕೆ ಕಕ್ಕೋದರ ಜೊತೆಗೆ ಮುಗಿಸಿ, ‘ದೇವರ ಮಾತಿಗೆ ವಿಧೇಯರಾಗಬೇಕು’ ಅಂತ ಚೌಕ ಹಾಕಿದಾರೆ. ನಾಲ್ಕೂ ಅಧ್ಯಾಯ ಹೇಳಬೇಕು ಅಂತ ಆಸೆ. ಅವನಿಗೆ ನೆರಳು ಕೊಟ್ಟ ಸೋರೆ ಬಳ್ಳಿ, ಅದನ್ನ ಒಣಗಿಸಿದ ಹುಳ, ಬಿಸಿ ಗಾಳಿ ಎಲ್ಲ. ಮಕ್ಕಳಿಗೆ ತಲೆಗೆ ಹತ್ತುತ್ತಾ? ಒಂದು ಸೋರೆ ಬಳ್ಳಿ ತಂದು ತೋರಿಸಲಾ?

ಬೆಟಗೇರಿ ಮೇಷ್ಟ್ರು:

ನಾಲ್ಕೂ ಹೇಳ್ರಿ. ಮೀನು ಬರೇ ಬಂಡಿ ಇದ್ದಂಗ, ಅವನನ್ನ ನಿನೆವೆ ಕಡೆ ತಂದು ಬಿಡಾಕ. ಖರೇ ಜಗಳ ಇರೋದು ನಾಲ್ಕನೇದರಾಗ. ವಿಧೇಯ ಆಗಿ ಹೋಗಿ ಸಾರಿ ಬಂದ ಮ್ಯಾಲೂ ಅವನ ಸಿಟ್ಟು ಇಳಿದಿಲ್ಲ, ವೈರಿಗಳು ಉಳದರಲ್ಲ ಅಂತ. ಅಯ್ಯನೋರು ಹೇಳಿದ ಹಿಂದು-ಮುಂದು ಇಲ್ಲೇ ಬೇಕಾಗ್ತದ. ನಿನೆವೆ ಅಂದ್ರ ಅಶ್ಶೂರದವರ ಊರು, ಇಸ್ರಾಯೇಲರನ್ನ ತುಳದವರ ಊರು ಅಂತ ಮೊದಲ ಹೇಳಿಬಿಡ್ರಿ. ಆವಾಗ ಮಕ್ಕಳಿಗೆ ಯೋನನ ಸಿಟ್ಟು ಹುಚ್ಚು ಸಿಟ್ಟು ಅನಸಂಗಿಲ್ಲ.

ಪುಸ್ತಕದ ಕಡೀ ಸಾಲು ದೇವರ ಪ್ರಶ್ನಿ: ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಮಂದಿ, ಮ್ಯಾಲ ಬಹಳ ದನಕರು ಇರೋ ಈ ಊರಿಗೆ ನಾ ಮರುಗಬಾರದೇನು? ಯೋನನ ಉತ್ತರ ಬರದಿಲ್ಲ. ನೀವೂ ಬರೀಬ್ಯಾಡ್ರಿ. ದನಕರು ಮಾತ್ರ ಬಿಡಬ್ಯಾಡ್ರಿ, ಸಣ್ಣವು ಅದನ್ನ ಹಿಡ್ಕೊಂಡ ಮಾತಾಡ್ತಾವ.

ಬಳ್ಳಿ ತರಬ್ಯಾಡ್ರಿ. ಅದರ ಮ್ಯಾಲಿನ ಹುಳಾನ ನೋಡ್ಕೋತ ಕೂಡ್ತಾವ, ನಿಮ್ಮ ಕಥಿ ಯಾರು ಕೇಳ್ತಾರ? ಬಿಸಲಾಗ ಒಂದು ಕುರ್ಚಿ ಹಾಕಿ ಒಬ್ಬನ್ನ ಕೂಡಸ್ರಿ, ಅವನ ತಲಿ ಮ್ಯಾಲ ಛತ್ರಿ ಹಿಡದು ಆಮ್ಯಾಲ ತಗೀರಿ. ಏಪ್ರಿಲ್ ಬಿಸಲು, ಜಾಸ್ತಿ ಹೊತ್ತು ಬ್ಯಾಡ. ಹಿಂದಿನ ಬೆಂಚಿನ ಹಿರಿಯರು ಬಂದರ ಆ ಕುರ್ಚಿ ಅವರಿಗೆ ಕೊಡ್ರಿ, ಒಲ್ಲೆ ಅನ್ನಂಗಿಲ್ಲ ಅವರು.