ವಾದದಲ್ಲಿ, ಜಾಹೀರಾತಿನಲ್ಲಿ ತರ್ಕ ಎಲ್ಲಿ ತಪ್ಪುತ್ತದೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಎದುರಿನವರು ಜೋರಾಗಿ ವಾದ ಮಾಡುವಾಗ ಏನೋ ತಪ್ಪಿದೆ ಅನ್ನಿಸುತ್ತದೆ, ಎಲ್ಲಿ ಅಂತ ಆ ಹೊತ್ತಿಗೆ ಹೊಳೆಯುವುದಿಲ್ಲ. ಜಾಹೀರಾತು ನೋಡುವಾಗಲೂ ಅಷ್ಟೇ. ತರ್ಕದೋಷಗಳ ಪಟ್ಟಿ ಬಾಯಿಪಾಠ ಮಾಡಿದ್ದೇನೆ, ಉಪಯೋಗಕ್ಕೆ ಬರುತ್ತಿಲ್ಲ. ನೀವೆಲ್ಲ ಹೇಗೆ ಹಿಡಿಯುತ್ತೀರಿ?

ಶಿಕ್ಷಕಿ: ಪಟ್ಟಿ ಪಕ್ಕಕ್ಕಿಡಿ. ಅವರ ಮಾತಿನ ನಡುವೆ ಮನಸ್ಸಿನಲ್ಲೇ ಒಂದು 'ಆದ್ದರಿಂದ' ಹಾಕಿ ನೋಡಿ. ನನ್ನ ಮಕ್ಕಳಿಗೆ ತರಗತಿಯಲ್ಲಿ ಮೊದಲು ಕಲಿಸುವುದೇ ಇದನ್ನು. ಮಕ್ಕಳು ಬೇಗ ಮಲಗಬೇಕು ಅಂತ ಒಬ್ಬಳು ಹೇಳಿದರೆ, 'ಅವಳಿಗೆ ಮಕ್ಕಳೇ ಇಲ್ಲ, ಮಕ್ಕಳ ನಿದ್ದೆ ಬಗ್ಗೆ ಅವಳೇನು ಹೇಳೋದು?' ಅನ್ನುತ್ತಾರೆ. ಬಿಡಿಸಿ ಬರೆಯಿರಿ: ಅವಳಿಗೆ ಮಕ್ಕಳಿಲ್ಲ, ಆದ್ದರಿಂದ ಮಕ್ಕಳು ಬೇಗ ಮಲಗಬೇಕು ಅನ್ನುವುದು ಸುಳ್ಳು. ಒಂದಕ್ಕೊಂದು ಸಂಬಂಧವೇ ಇಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಹಾಗಂತ ಹೇಳುವವರು ಯಾರು ಅಂತ ನೋಡಲೇಬಾರದು ಎಂದಲ್ಲ. 'ಕಣ್ಣಾರೆ ಕಂಡೆ' ಅನ್ನುವ ಸಾಕ್ಷಿ ಹಿಂದೆ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರೆ ಅದು ಖಂಡಿತ ಲೆಕ್ಕಕ್ಕೆ ಬರುತ್ತದೆ.

'ಇವತ್ತು ಇವರಿಗೆ ರಜೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ, ಕೊನೆಗೆ ಆಫೀಸೇ ಮುಚ್ಚಬೇಕು' ಅನ್ನುವವರನ್ನು ಒಂದೊಂದು ಹಂತದಲ್ಲೂ ನಿಲ್ಲಿಸಿ 'ಯಾಕೆ ಹಾಗಾಗುತ್ತದೆ?' ಅಂತ ಕೇಳಿ. ಮಧ್ಯದ ಹಂತಗಳಿಗೆ ಅವರ ಹತ್ತಿರ ಉತ್ತರ ಇರುವುದು ಅಪರೂಪ.

ಮಾರುಕಟ್ಟೆ ಸಮೀಕ್ಷೆಯಲ್ಲಿ ಕೆಲಸ ಮಾಡುವವರು: ಮೇಡಂ ಹೇಳಿದ್ದು ವಾದಕ್ಕೆ ಸರಿ. ಜಾಹೀರಾತಿನಲ್ಲಿ ಎಷ್ಟೋ ಸಲ 'ಆದ್ದರಿಂದ' ಹಾಕುವವರು ನಾವೇ. ಅವರು ಅಂಕಿ ಕೊಟ್ಟು ಸುಮ್ಮನಾಗುತ್ತಾರೆ. ಅದಕ್ಕೇ ನಾನು ಮೊದಲು ಕೇಳುವುದು, ಸಮೀಕ್ಷೆಯಲ್ಲಿ ಪ್ರಶ್ನೆ ಹೇಗಿತ್ತು ಅಂತ. ಬ್ರಿಟನ್ನಿನಲ್ಲಿ ಕೋಲ್ಗೇಟ್ ಜಾಹೀರಾತೊಂದು ಶೇ. 80ಕ್ಕೂ ಹೆಚ್ಚು ದಂತವೈದ್ಯರು ತಮ್ಮ ಪೇಸ್ಟನ್ನು ಶಿಫಾರಸು ಮಾಡುತ್ತಾರೆ ಎಂದಿತ್ತು. ಓದಿದವರು ಏನು ತಿಳಿಯುತ್ತಾರೆ? ಮಿಕ್ಕ ಎಲ್ಲ ಬ್ರ್ಯಾಂಡ್ ಸೇರಿ ಉಳಿದ ಶೇ. 20 ಅಂತ. ಆದರೆ ಆ ಸಮೀಕ್ಷೆಯಲ್ಲಿ ಒಬ್ಬ ವೈದ್ಯರು ಒಂದಕ್ಕಿಂತ ಹೆಚ್ಚು ಹೆಸರು ಹೇಳಬಹುದಿತ್ತು, ಇನ್ನೊಂದು ಬ್ರ್ಯಾಂಡಿಗೂ ಹೆಚ್ಚುಕಡಿಮೆ ಅಷ್ಟೇ ಶಿಫಾರಸು ಸಿಕ್ಕಿತ್ತು. 2007ರಲ್ಲಿ ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ ಇದು ದಾರಿ ತಪ್ಪಿಸುತ್ತದೆ ಎಂದು ತೀರ್ಪು ಕೊಟ್ಟಿತು. ಅಂಕಿ ಸುಳ್ಳಲ್ಲ, ಅದರಿಂದ ಹೊರಟ ತೀರ್ಮಾನ ಸುಳ್ಳು.

'ಎರಡು ಪಟ್ಟು' ಅಂದಾಗಲೂ ಎಷ್ಟರ ಎರಡು ಪಟ್ಟು ಅಂತ ಕೇಳಿ. 1995ರಲ್ಲಿ ಅದೇ ದೇಶದಲ್ಲಿ ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು ಎಂಬ ಸುದ್ದಿ ಹರಡಿತು. ಸುಮಾರು 7,000 ಹೆಂಗಸರಲ್ಲಿ ಒಬ್ಬರಿಗಿದ್ದದ್ದು ಇಬ್ಬರಿಗೆ ಏರಿತ್ತು, ಅಷ್ಟೇ. ಹೆದರಿ ಮಾತ್ರೆ ಬಿಟ್ಟವರು ಬಹಳ. ಮರುವರ್ಷ ಗರ್ಭಪಾತಗಳು ಹೆಚ್ಚಿದವು. ನನಗೆ ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಾಲೇಜು ವಿದ್ಯಾರ್ಥಿ: ತರಬೇತಿ ಸಂಸ್ಥೆಗಳ ಬ್ಯಾನರಿನಲ್ಲಿ ಗೆದ್ದವರ ಫೋಟೋ ಮಾತ್ರ ಇರುತ್ತೆ. ಒಟ್ಟು ಎಷ್ಟು ಜನ ಸೇರಿದ್ದರು ಅಂತ ನಾನು ಫೋನ್ ಮಾಡಿ ಕೇಳ್ತೀನಿ. 'ಈ ಔಷಧಿ ತಗೊಂಡೆ, ನೆಗಡಿ ಹೋಯ್ತು' ಅನ್ನೋದೂ ಹಾಗೇ: ತಗೊಳ್ಳದವರ ನೆಗಡಿನೂ ಹೋಗುತ್ತಲ್ವಾ?

ನಿವೃತ್ತರು: ಒಂದು ಮಾತು ಸೇರಿಸುತ್ತೇನೆ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿ ಚರ್ಚೆಯನ್ನು ಮೂರು ಬಗೆ ಮಾಡಿದ್ದಾರೆ. ನಿಜ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೇನೂ ಹೇಳದೆ ಎದುರಿನವರದ್ದನ್ನು ಕೆಡವುವುದಷ್ಟೇ ವಿತಂಡ. ಎದುರಿಗಿರುವುದು ಯಾವುದು ಅಂತ ನೋಡಿಕೊಂಡರೆ ಎಷ್ಟು ಹೊತ್ತು ಕೂರಬೇಕೆಂದು ತಿಳಿಯುತ್ತದೆ. ವಾದವಾಗಿದ್ದರೆ 'ಇದು ತರ್ಕದೋಷ' ಅಂತ ಮುಖಕ್ಕೆ ಹೇಳಬೇಡಿ, ಅದರಲ್ಲೂ ಹಿರಿಯರಿಗೆ. 'ಇದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ?' ಅಂತ ಕೇಳಿ. ಎಷ್ಟೋ ಸಲ ಅವರೇ ತಿದ್ದಿಕೊಳ್ಳುತ್ತಾರೆ. ಇನ್ನೊಂದು, ಕಾರಣ ತಪ್ಪಾದ ಮಾತ್ರಕ್ಕೆ ಹೇಳಿದ್ದೂ ಸುಳ್ಳು ಅಂದುಕೊಳ್ಳಬೇಡಿ. 'ನಮ್ಮಪ್ಪ ಹೇಳಿದ್ದಾರೆ, ಅದಕ್ಕೇ ಸಿಗರೇಟು ಕೆಟ್ಟದ್ದು' ಅನ್ನುವ ಹುಡುಗನ ಕಾರಣ ಸಾಲದು. ಸಿಗರೇಟು ಮಾತ್ರ ಕೆಟ್ಟದ್ದೇ.