ಥಾರ್, ಓಡಿನ್‌ರನ್ನು ಪೂಜಿಸಿದವರ ಧರ್ಮ ಎಂಥದ್ದು? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಮೇಡಂ. ತಾವು ಉತ್ತರ ಯುರೋಪಿನ ಮಧ್ಯಯುಗದ ಇತಿಹಾಸ ಪಾಠ ಮಾಡುತ್ತೀರಿ ಎಂದು ಗುಂಪಿನಲ್ಲಿ ಓದಿದೆ. ಕ್ರೈಸ್ತಧರ್ಮ ಬರುವ ಮುಂಚೆ ನಾರ್ವೆ, ಸ್ವೀಡನ್, ಐಸ್‌ಲ್ಯಾಂಡಿನ ಜನ ಏನನ್ನು ನಂಬುತ್ತಿದ್ದರು? ಧರ್ಮಗ್ರಂಥ ಇತ್ತೆ?

ಉತ್ತರ: ನಮಸ್ಕಾರ. ಗ್ರಂಥವೂ ಇರಲಿಲ್ಲ, ಸ್ಥಾಪಕನೂ ಇರಲಿಲ್ಲ. ಯುದ್ಧಕ್ಕೆ, ಕಾವ್ಯಕ್ಕೆ, ಮಂತ್ರವಿದ್ಯೆಗೆ ಓಡಿನ್, ಗುಡುಗಿಗೆ ಥಾರ್, ಬೆಳೆಗೆ, ಸಂತಾನಕ್ಕೆ ಫ್ರೇಯ್ ಮತ್ತು ಅವನ ಸೋದರಿ ಫ್ರೇಯಾ. ಇವರಲ್ಲದೆ ನೆಲ ಕಾಯುವ ಶಕ್ತಿಗಳೂ ಇದ್ದವು. ಹಡಗಿನ ಮೂತಿಯಲ್ಲಿ ಬಾಯ್ದೆರೆದ ತಲೆ ಇದ್ದರೆ, ಐಸ್‌ಲ್ಯಾಂಡಿನ ದಡ ಕಾಣುವ ಮೊದಲೇ ಅದನ್ನು ಕಳಚಿಡಬೇಕೆಂಬ ಕಟ್ಟಳೆಯ ಉಲ್ಲೇಖವಿದೆ. ಆ ಶಕ್ತಿಗಳು ಬೆದರಬಾರದಲ್ಲ!

ಕಥೆಗಳು ನಮಗೆ ಸಿಗುವುದು ಮುಖ್ಯವಾಗಿ ಎರಡು ‘ಎಡ್ಡಾ’ಗಳಿಂದ. ಒಂದು ಹಳೆಯ ಹಾಡುಗಳ ಸಂಗ್ರಹ, ಇನ್ನೊಂದು ಸ್ನೋರಿ ಸ್ಟುರ್ಲುಸನ್ ಸುಮಾರು 1220ರಲ್ಲಿ ಬರೆದದ್ದು. ಆ ಹೊತ್ತಿಗೆ ಐಸ್‌ಲ್ಯಾಂಡ್ ಕ್ರೈಸ್ತವಾಗಿ ಇನ್ನೂರು ವರ್ಷ ಕಳೆದಿತ್ತು, ಸ್ನೋರಿಯೂ ಕ್ರೈಸ್ತನೇ. ಈ ಅಂತರವನ್ನು ನೆನಪಿಟ್ಟುಕೊಂಡೇ ಓದಬೇಕು.

ಪ್ರಶ್ನೆ: ಹಾಗಾದರೆ ಪೂಜೆ ಹೇಗೆ ನಡೆಯುತ್ತಿತ್ತು?

ಉತ್ತರ: ನನ್ನ ಮಟ್ಟಿಗೆ ಈ ಧರ್ಮದ ಜೀವಾಳ ಇರುವುದು ಇಲ್ಲೇ. ಮುಖ್ಯ ಆಚರಣೆ ‘ಬ್ಲೋಟ್’, ಅಂದರೆ ಬಲಿ ಮತ್ತು ಅದರ ಊಟ. ಕುದುರೆ ಅಥವಾ ದನವನ್ನು ಕಡಿದು, ರಕ್ತವನ್ನು ಬಟ್ಟಲಲ್ಲಿ ಹಿಡಿದು, ಕಡ್ಡಿಗಳ ಕಟ್ಟಿನಿಂದ ಗೋಡೆಗೂ ಜನರಿಗೂ ಚಿಮುಕಿಸುತ್ತಿದ್ದರು ಎಂದು ಸ್ನೋರಿ ವರ್ಣಿಸುತ್ತಾನೆ. ಮಾಂಸವನ್ನು ಕಡಾಯಿಯಲ್ಲಿ ಬೇಯಿಸಿ, ಗೆಲುವಿಗಾಗಿ ಓಡಿನ್ ಹೆಸರಲ್ಲಿ, ಒಳ್ಳೆಯ ಬೆಳೆಗೂ ಶಾಂತಿಗೂ ನ್ಯೋರ್ಡ್ (ಫ್ರೇಯ್‌ನ ತಂದೆ) ಮತ್ತು ಫ್ರೇಯ್ ಹೆಸರಲ್ಲಿ ಕುಡಿಯುತ್ತಿದ್ದರು.

ಹತ್ತನೆಯ ಶತಮಾನದ ನಾರ್ವೆಯ ದೊರೆ ಹಾಕೋನ್ ಇಂಗ್ಲೆಂಡಿನಲ್ಲಿ ಬೆಳೆದ ಕ್ರೈಸ್ತ. ಅವನ ಪ್ರಸಂಗವನ್ನು ಓದಲೇಬೇಕು. ಲಾಡೆಯ ಬಲಿಯೂಟದಲ್ಲಿ ಕುದುರೆ ಮಾಂಸ ತಿನ್ನಲು ರೈತರು ಒತ್ತಾಯಿಸಿದರು. ಒಲ್ಲೆ ಎಂದ. ಸಾರನ್ನಾದರೂ ಕುಡಿ ಎಂದರು, ಅದಕ್ಕೂ ಒಲ್ಲೆ ಎಂದ. ಅವರು ಮೈಮೇಲೆ ಬೀಳುವಷ್ಟು ಕೆರಳಿದಾಗ ಸಾಮಂತ ಸಿಗುರ್ಡ್ ನಡುವೆ ಬಂದು, ಕಡಾಯಿಯ ಹಿಡಿಕೆಯ ಮೇಲೆ ಬಾಯಿ ತೆರೆದರೆ ಸಾಕು ಎಂದ. ಹಬೆಯಿಂದ ಆ ಹಿಡಿಕೆಗೆ ಜಿಡ್ಡು ಹತ್ತಿತ್ತು. ದೊರೆ ಅದಕ್ಕೆ ನಾರುಬಟ್ಟೆ ಸುತ್ತಿ, ಮೇಲೆ ಬಾಯಿ ತೆರೆದ. ಎರಡೂ ಕಡೆಯವರಿಗೆ ಸಮಾಧಾನವಾಗಲಿಲ್ಲ. ಮುಂದಿನ ಚಳಿಗಾಲದಲ್ಲಿ ಕುದುರೆಯ ಪಿತ್ತಜನಕಾಂಗದ ಒಂದೆರಡು ತುಂಡು ತಿನ್ನಲೇಬೇಕಾಯಿತು.

ಆ ರೈತರು ‘ನಿನ್ನ ಮನಸ್ಸಿನಲ್ಲಿ ಯಾವ ದೇವರಿದ್ದಾನೆ’ ಎಂದು ಕೆದಕಲಿಲ್ಲ. ಊರಿಗೆ ಬೆಳೆ ಬರಬೇಕಾದರೆ ದೊರೆ ಪಂಕ್ತಿಯಲ್ಲಿ ಕೂತು ಉಣ್ಣಬೇಕು, ಅಷ್ಟೇ ಅವರ ಪಟ್ಟು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸತ್ತವರೆಲ್ಲ ವಲ್ಹಾಲಾಕ್ಕೆ ಹೋಗುತ್ತಿದ್ದರೆ?

ಉತ್ತರ: ಇಲ್ಲ. ವಲ್ಹಾಲಾ ಅಂದರೆ ಓಡಿನ್‌ನ ಸಭಾಮಂದಿರ. ರಣದಲ್ಲಿ ಬಿದ್ದವರಲ್ಲಿ ಅರ್ಧ ಜನ ಓಡಿನ್ ಪಾಲು, ಅರ್ಧ ಫ್ರೇಯಾಳ ಪಾಲು. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಸತ್ತವರು ಹೆಲ್ ಎಂಬ ದೇವಿಯ ಲೋಕಕ್ಕೆ. ಅದು ನರಕವಲ್ಲ, ಎಲ್ಲರ ಮುದ್ದಿನ ದೇವರಾದ ಬಾಲ್ಡರ್ ಕೂಡ ಸತ್ತ ಮೇಲೆ ಅಲ್ಲಿಗೇ ಹೋದ.

ಪ್ರಶ್ನೆ: ಥಾರ್ ನಮ್ಮ ಇಂದ್ರನೇ ಅಲ್ಲವೆ ಮೇಡಂ?

ಉತ್ತರ: ಹೋಲಿಕೆ ಇದೆ: ಇಬ್ಬರಿಗೂ ಸಿಡಿಲಿನ ಆಯುಧ, ಇಬ್ಬರಿಗೂ ಸರ್ಪದ ಜೊತೆ ಕಾಳಗ. ಇಂಡೋ-ಯುರೋಪಿಯನ್ ಮೂಲ ಒಂದೇ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಆದರೆ ಇಂದ್ರ ದೇವತೆಗಳ ರಾಜ, ಥಾರ್ ರಾಜನಲ್ಲ. ಸ್ವೀಡನ್ನಿನ ಆಲ್ಟುನಾದಲ್ಲಿರುವ ರೂನ್ ಶಿಲೆಯಲ್ಲಿ (ರೂನ್ ಅಂದರೆ ಅಲ್ಲಿನ ಹಳೆಯ ಲಿಪಿ) ಅವನು ದೋಣಿಯಲ್ಲಿ ನಿಂತು ಗಾಳ ಹಾಕುತ್ತಿದ್ದಾನೆ. ಕಥೆಯ ಪ್ರಕಾರ ಗಾಳಕ್ಕೆ ಸಿಕ್ಕಿಸಿದ್ದು ಎತ್ತಿನ ತಲೆ. ಕೆಳಗೆ ಸರ್ಪ ಎಳೆಯುವ ರಭಸಕ್ಕೆ ಅವನ ಕಾಲು ದೋಣಿಯ ತಳವನ್ನೇ ತೂರಿ ಹೊರಬಂದಿದೆ!

ಪ್ರಶ್ನೆ: ಈ ಧರ್ಮ ಈಗ ಪೂರ್ತಿ ಅಳಿದಿದೆಯೆ?

ಉತ್ತರ: ಸುಮಾರು 1000ದಲ್ಲಿ ಐಸ್‌ಲ್ಯಾಂಡಿನ ಸಭೆ ಆಲ್ತಿಂಗ್ ಎಲ್ಲರೂ ಕ್ರೈಸ್ತರಾಗಬೇಕೆಂದು ತೀರ್ಮಾನಿಸಿತು. ಆದರೂ ಮನೆಯೊಳಗೆ ಗುಟ್ಟಾಗಿ ಬಲಿ ಕೊಡಲು, ಕುದುರೆ ಮಾಂಸ ತಿನ್ನಲು ಸ್ವಲ್ಪ ಕಾಲ ಅವಕಾಶ ಇತ್ತು. ಆಮೇಲೆ ಪರಂಪರೆಯ ಕೊಂಡಿ ಕಡಿದುಹೋಯಿತು. 1972ರಲ್ಲಿ ಅಲ್ಲಿ ಶುರುವಾದ, ಹಳೆಯ ದೇವರುಗಳನ್ನು ಮತ್ತೆ ಪೂಜಿಸುವ ಆಸಾತ್ರು ಸಂಘಕ್ಕೆ ಮರುವರ್ಷವೇ ಸರ್ಕಾರದ ಮಾನ್ಯತೆ ಸಿಕ್ಕಿತು; ಅವರು ಪ್ರಾಣಿಬಲಿ ಕೊಡುವುದಿಲ್ಲ. ಥಾರ್‌ನ ಸುತ್ತಿಗೆ, ರೂನ್ ಅಕ್ಷರಗಳನ್ನು ಕೆಲವು ಜನಾಂಗದ್ವೇಷಿ ಗುಂಪುಗಳು ತಮ್ಮ ಗುರುತಾಗಿ ಬಳಸುತ್ತವೆ. ಅದು ಈ ದೇವರಿಗೂ ಅವರನ್ನು ಪೂಜಿಸಿದ ರೈತರಿಗೂ ಮಾಡುವ ಅನ್ಯಾಯ.