ಹವ್ಯಾಸಕ್ಕೆ ಬೋರ್ಡ್ ಗೇಮ್ ಮಾಡುವವರಿಗೆ ಒಂದು ಸಣ್ಣ ಸ್ಪರ್ಧೆ: ನಿಯಮ ಹೇಗಿರಲಿ?

ಕವಡೆಕೈ:
ನಮ್ಮದು ಬೆಂಗಳೂರಲ್ಲಿ ತಿಂಗಳಿಗೊಮ್ಮೆ ಸೇರಿ ಆಡುವ ಗುಂಪು. ಅದರಲ್ಲಿ ಏಳೆಂಟು ಜನ ತಾವೇ ಆಟ ಮಾಡುತ್ತಾರೆ, ಆದರೆ ಎಲ್ಲರದ್ದೂ ಅರ್ಧಕ್ಕೇ ನಿಂತಿದೆ. ಸ್ಪರ್ಧೆ ಅಂತ ಇಟ್ಟರೆ ಮುಗಿಸುತ್ತಾರೇನೋ ಅನ್ನಿಸಿತು. ಪ್ರವೇಶ ಶುಲ್ಕ ಬೇಡ, ಜಗಳವೂ ಬೇಡ. ಬಹುಮಾನ ಎಷ್ಟಿಡಬೇಕು, ತೀರ್ಪು ಯಾರು ಕೊಡಬೇಕು? ಗೊತ್ತಿರುವವರು ಹೇಳಿ.

ಗರಎಂಟು:
ಬಹುಮಾನದ ಮಾತು ಆಮೇಲೆ, ಮೊದಲು ಆಟದ ಗಾತ್ರಕ್ಕೆ ಮಿತಿ ಹಾಕಿ. ಇಲ್ಲದಿದ್ದರೆ ಯಾರೋ ಒಬ್ಬರು 200 ಕಾರ್ಡ್, ಮೂರು ಬೋರ್ಡ್ ಇರುವ ಸಾಮ್ರಾಜ್ಯ ಕಟ್ಟುವ ಆಟ ಹೊತ್ತು ತರುತ್ತಾರೆ, ಅದನ್ನು ಪ್ರಿಂಟ್ ಹಾಕಿಸಿ ಕತ್ತರಿಸುತ್ತಾ ಕೂರುವವರು ಯಾರು? ಬೋರ್ಡ್‌ಗೇಮ್‌ಗೀಕ್ ಅನ್ನುವ ಬೋರ್ಡ್ ಗೇಮ್ ವೆಬ್‌ಸೈಟಿನಲ್ಲಿ ಒಂಬತ್ತೇ ಕಾರ್ಡಿನ ಆಟಗಳಿಗೆ ಸ್ಪರ್ಧೆ ನಡೆದಿದೆ, ನೋಡಿರಬಹುದು. ಒಂಬತ್ತರ ಅನುಕೂಲ ಏನಂದರೆ, ಮಾಮೂಲಿ ಕಾರ್ಡ್ 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಎ4 ಹಾಳೆಯಲ್ಲಿ ಸಾಲಿಗೆ ಮೂರರಂತೆ ಒಂಬತ್ತು ಸರಿಯಾಗಿ ಕೂರುತ್ತವೆ. ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಾಳೆ, ಮನೆಯಲ್ಲಿ ಒಂದು ಕತ್ತರಿ, ಅಷ್ಟೇ. ಕಾಗದ ತೆಳ್ಳಗಿದ್ದರೆ ಸ್ಲೀವ್ (ಕಾರ್ಡಿಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಕವರ್) ಒಳಗೆ ಹಳೇ ಇಸ್ಪೀಟ್ ಎಲೆ ಇಟ್ಟು ಮುಂದೆ ಚೀಟಿ ತೂರಿಸಿ. ನಿಯಮ ಬದಲಾದಾಗ ಚೀಟಿ ಮಾತ್ರ ಬದಲಿಸಿದರೆ ಆಯಿತು.
ಕಾರ್ಡ್ ಕಮ್ಮಿಯಾದರೆ ಆಟ ಸಪ್ಪೆ ಅನ್ನುವವರಿಗೆ ಲವ್ ಲೆಟರ್ ಅನ್ನುವ ಕಾರ್ಡ್ ಆಟ ತೋರಿಸಿ. 2012ರಲ್ಲಿ ಜಪಾನಿನಲ್ಲಿ ಬಂದಾಗ ಅದರಲ್ಲಿದ್ದದ್ದು ಬರೀ 16 ಕಾರ್ಡ್.

ಹುಲಿಕುರಿ:
ಕಾರ್ಡೇ ಯಾಕೆ ಸ್ವಾಮಿ? ಸೀಮೆಸುಣ್ಣದಲ್ಲಿ ನೆಲಕ್ಕೆ ಗೆರೆ ಎಳೆದು ಆಡಿದವರು ನಾವು. ಚೌಕಾಬಾರಕ್ಕೆ ಬೇಕಾಗಿದ್ದು 25 ಮನೆ, ನಾಲ್ಕು ಕವಡೆ, ಕಾಯಿಗೆ ಬಳೆಚೂರೋ ಹುಣಸೆಬೀಜವೋ. ಹುಲಿ ಕುರಿ ಆಟದಲ್ಲಿ ಒಂದು ಕಡೆ ಮೂರು ಹುಲಿ, ಇನ್ನೊಂದು ಕಡೆ 15 ಕುರಿ, ಆದರೂ ಆಟಕ್ಕೆ ತೂಕ ಇದೆ ಅಲ್ವಾ? ಅದನ್ನೇ ವಿಷಯವಾಗಿ ಕೊಡಿ: ಇಬ್ಬರ ಬಲವೂ ಒಂದೇ ಥರ ಇರಬಾರದು, ಸಾಮಾನೆಲ್ಲ ಮನೆಯಲ್ಲೇ ಸಿಗುವಂಥದ್ದಾಗಿರಬೇಕು.

ಗರಎಂಟು:
ಒಪ್ಪಿದೆ. ಆದರೆ ಚೌಕಾಬಾರಕ್ಕೇ ಹೊಸ ಚಿತ್ರ ಅಂಟಿಸಿ ತರುವವರನ್ನು ಮೊದಲೇ ತಡೆಯಿರಿ.

ಮೂಲೆಮನೆ:
ಹೊರಗಿನ ತೀರ್ಪುಗಾರರನ್ನು ಕರೆಯಬೇಡಿ. ಸ್ಪರ್ಧೆಗೆ ಆಟ ಕೊಟ್ಟವರು ಬೇರೆಯವರ ಎರಡು ಆಟ ಆಡಿ ಅನಿಸಿಕೆ ಬರೆಯಲೇಬೇಕು, ಬರೆಯದವರ ಆಟ ಮತಕ್ಕೆ ಹೋಗುವುದಿಲ್ಲ. ಈ ಒಂದು ನಿಯಮ ಸಾಕು. ಹವ್ಯಾಸಿಗೆ ಬೇಕಾಗಿರುವುದು ತನ್ನ ಆಟವನ್ನು ಪೂರ್ತಿ ಆಡುವ ನಾಲ್ಕು ಜನ, ಕಪ್ ಅಲ್ಲ. ತನ್ನ ಆಟಕ್ಕೆ ತಾನೇ ಮತ ಹಾಕುವ ಹಾಗಿಲ್ಲ. ಹಣ ಇಟ್ಟರೆ ಲೆಕ್ಕಾಚಾರ ಶುರುವಾಗುತ್ತದೆ, ಅದರ ಬದಲು ಗೆದ್ದ ಆಟದ ಒಂದು ಒಳ್ಳೇ ಪ್ರತಿ ಮಾಡಿಸಿ ಕೊಡಿ.
ಆಡುವಾಗ ಆಟ ಮಾಡಿದವರು ಪಕ್ಕದಲ್ಲಿ ಕೂರಬಹುದು, ಬಾಯಿ ಬಿಡಬಾರದು. ನಿಯಮದ ಹಾಳೆ ಓದುತ್ತಾ ಆಟಗಾರರು ಯಾವ ಸಾಲಿಗೆ ನಿಂತು ಅವರ ಮುಖ ನೋಡುತ್ತಾರೋ ಆ ಸಾಲಿಗೆ ಪೆನ್ಸಿಲಲ್ಲಿ ಗುರುತು ಹಾಕಿಕೊಳ್ಳಲಿ. ವಿವರಿಸೋಕೆ ಕೈ ತುರಿಸುತ್ತದೆ, ತಡೆದುಕೊಳ್ಳಬೇಕು. ಇನ್ನೊಂದು, ಆಟದ ಹಕ್ಕು ಮಾಡಿದವರದ್ದೇ, ಗುಂಪು ಆಡೋಕೆ ಮಾತ್ರ ಪ್ರಿಂಟ್ ಹಾಕಿಕೊಳ್ಳಬಹುದು ಅಂತ ಮೊದಲೇ ಬರೆದಿಡಿ.

ಕವಡೆಕೈ:
ಎರಡು ಆಟದ ನಿಯಮ ಇಷ್ಟವಾಯಿತು. ಒಂದು ಎ4 ಹಾಳೆ, ಆರು ವಾರ, ಮೂರನೇ ವಾರಕ್ಕೆ ಕರಡು ಅಂತ ಇಡುತ್ತೇನೆ. ಶಿವಮೊಗ್ಗದಿಂದ ಇಬ್ಬರು ಸೇರುತ್ತೇವೆ ಅನ್ನುತ್ತಿದ್ದಾರೆ, ಅವರದ್ದು ಹೇಗೆ?

ಗರಎಂಟು:
ಪಿಡಿಎಫ್ ಕಳಿಸಲಿ. ನೀವು ಪ್ರಿಂಟ್ ಹಾಕಿಸುವಾಗ 'ಫಿಟ್ ಟು ಪೇಜ್' ತೆಗೆದು 100% ಅಂತ ಹೇಳಿ, ಇಲ್ಲದಿದ್ದರೆ ಕಾರ್ಡ್ ಕುಗ್ಗಿ ಸ್ಲೀವ್ ಒಳಗೆ ಅಲ್ಲಾಡುತ್ತವೆ.